ಬೀಗರ ಮುಂದೆ ಆಷಾಢ ಸೋತದ್ದು

ಮೂವತ್ತು ವರ್ಷದಿಂದ ನಾನು ಚಿತ್ರದುರ್ಗದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಬಂದವರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ನನ್ನ ಕಸುಬು. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲು ಕಾಣದಿದ್ದರೂ ಕಾಣುತ್ತದೆ ಎಂದು ಬುರುಡೆ ಬಿಡುವವರನ್ನು ಅವರು ಬಾಯಿ ತೆರೆಯುವ ಮೊದಲೇ ಗುರುತು ಹಿಡಿಯುತ್ತೇನೆ. ಹೀಗಿರುವಾಗ, ಇಸ್ಪೀಟೆಲೆ ಹಿಡಿದು ಎದುರಿಗೆ ಕುಳಿತ ಒಬ್ಬ ಬೀಗರ ಕಣ್ಣನ್ನು ಓದುವುದು ಏನು ಮಹಾ ಕೆಲಸ ಎಂದು ನಾನು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಮೆಣಸಿನಕಾಯಿಯಲ್ಲಿ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಒಬ್ಬಳೇ ಮಗಳು ಸವಿತಾಳ ಮದುವೆ ಈ ಬೇಸಿಗೆಯಲ್ಲಿ ಆಯಿತು. ಅಳಿಯ ಕಿರಣ ಹೊಸದುರ್ಗದವನು, ಐಟಿಐನಲ್ಲಿ ಪಾಠ ಹೇಳುತ್ತಾನೆ. ಸವಿತಾಳದು ಬ್ಯಾಂಕಿನ ಕೆಲಸ; ಮದುವೆಯಾದ ಮೇಲೆ ಹೊಸದುರ್ಗಕ್ಕೇ ವರ್ಗ ಮಾಡಿಸಿಕೊಂಡಳು. ಮದುವೆಯಾದ ಹೆಣ್ಣುಮಗಳು ಮೊದಲ ಆಷಾಢಕ್ಕೆ ತವರಿಗೆ ಬರಬೇಕು, ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂಬುದು ನಮ್ಮ ಕಡೆಯ ರೂಢಿ. ಇದನ್ನು ಯಾರು ಮಾಡಿದರೋ ಗೊತ್ತಿಲ್ಲ. ಹೆಣ್ಣು ಹೆತ್ತ ಯಾರೋ ಅಪ್ಪನೇ ಮಾಡಿರಬೇಕು.

ಆ ಮೂವತ್ತು ದಿನಗಳನ್ನು ನಾನು ಮದುವೆಯ ಚಪ್ಪರ ಬಿಚ್ಚುವ ಹೊತ್ತಿನಿಂದಲೇ ಕನಸು ಕಾಣುತ್ತಿದ್ದೆ. ನಮ್ಮ ಮನೆಯ ಜಗಲಿಯಲ್ಲಿ ಕುಳಿತರೆ ಜೋಗಿಮಟ್ಟಿಯ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಆಷಾಢದ ಗಾಳಿಗೆ ಅವು ನಿಂತದ್ದೇ ಇಲ್ಲ. ಒಂದು ರೆಕ್ಕೆ ಮೆಲ್ಲಗೆ ಮೇಲೇರುತ್ತದೆ, ಒಂದು ಮೆಲ್ಲಗೆ ಇಳಿಯುತ್ತದೆ, ನಡುವೆ ಮೋಡದ ನೆರಳು ಗುಡ್ಡ ಹತ್ತಿ ಇಳಿಯುತ್ತದೆ. ನೋಡುತ್ತ ನೋಡುತ್ತ ನಾನು ಎಲ್ಲಿಗೋ ಹೋಗಿಬಿಡುತ್ತೇನೆ. ಮಗಳು ಬರುವ ಮುಂಚಿನ ಗುರುವಾರ ಸಂಜೆಯೂ ಹೋಗಿದ್ದೆ. ಕನಸಿನಲ್ಲಿ ಸವಿತಾ ಪಕ್ಕದಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅದರೊಳಗಿನ ಕಡಲೆಬೀಜವನ್ನಷ್ಟೇ ಆರಿಸಿಕೊಳ್ಳುತ್ತಿದ್ದಳು, ಗಾಳಿಯಂತ್ರ ಎಣಿಸಿ ಪ್ರತಿ ಸಲವೂ ಬೇರೆ ಲೆಕ್ಕ ಹೇಳುತ್ತಿದ್ದಳು. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ ಮಗಳ ಜೊತೆ ಫೋನಿನಲ್ಲಿ ಮಾತಾಡಿ ಹೊರಗೆ ಬಂದು ಏನೋ ಹೇಳಿದಳು. "ಹ್ಞೂಂ" ಎಂದೆ. ಮತ್ತೂ ಏನೋ ಹೇಳಿದಳು. "ಆಗಲಿ" ಎಂದೆ. ಒಳಗೆ ಹೋದಳು. ಸಂಸಾರದಲ್ಲಿ ಇದಕ್ಕಿಂತ ಹೆಚ್ಚಿನ ಮಾತುಕತೆ ಬೇಕೆಂದು ನನಗೆ ಅನಿಸಿರಲಿಲ್ಲ.

ಭಾನುವಾರ ಬೀಗರು ಓಂಕಾರಪ್ಪನವರೇ ಖುದ್ದಾಗಿ ಮಗ ಸೊಸೆಯನ್ನು ಕಾರಿನಲ್ಲಿ ಕರೆದುಕೊಂಡು ಬಂದರು. ಬಾಗೂರಿನ ಹತ್ತಿರ ಅವರದು ತೆಂಗಿನ ತೋಟ. ಡಿಕ್ಕಿಯ ತುಂಬ ಎಳನೀರು ತಂದಿದ್ದರು. ಆಳು ಎತ್ತರ, ಮಾತು ಕಡಿಮೆ, ನಗು ಮೀಸೆಯೊಳಗೇ. ಮಧ್ಯಾಹ್ನಕ್ಕೆ ಹೋಳಿಗೆ, ಮಾವಿನಹಣ್ಣಿನ ಸೀಕರಣೆ. ಬೀಗರು ಬೇಡವೆಂದಾಗೆಲ್ಲ ನಾವು ಬಡಿಸಿದೆವು, ನಾವು ಬಡಿಸಿದಾಗೆಲ್ಲ ಅವರು ತಿಂದರು. ಊಟ ಮುಗಿಯುತ್ತಲೇ ಸವಿತಾ ತನ್ನ ಹಳೆಯ ಕೋಣೆಗೆ ಹೋಗಿ, ಹಳೆಯ ಕೌದಿ ಹೊದ್ದು ಮಲಗಿದಳು. ತವರಿಗೆ ಬಂದ ಹೆಣ್ಣುಮಕ್ಕಳ ನಿದ್ದೆಯೇ ಬೇರೆ. ಬಾಗಿಲ ಸಂದಿಯಿಂದ ಒಮ್ಮೆ ನೋಡಿ ಬಂದೆ. ಮನೆ ತುಂಬಿದ ಹಾಗಿತ್ತು.

ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಬೀಗರು ಗಂಟಲು ಸರಿ ಮಾಡಿಕೊಂಡರು.

"ಬೀಗ್ರೇ, ಒಂದ್ ಮಾತು. ಬೇಜಾರ್ ಮಾಡ್ಕಾಬಾರ್ದು."

"ಹೇಳ್ರಿ, ಹೇಳ್ರಿ."

"ಈ ಆಷಾಢ ಪೂರ್ತಿ ಇರ್ಲೇಬೇಕು ಅಂತೇನಾದ್ರೂ ಐತಾ? ಒಂದ್ ವಾರ, ಹತ್ ದಿನ ಇದ್ಬಿಟ್ಟು ಬಂದ್ರೆ ನಡೀತೈತೇನೋ ಅಂತ."

 ಬೀಗರಲ್ಲವೇ, ನಗುತ್ತಲೇ ಅಂದೆ: "ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರ್ದಲ್ರೀ ಬೀಗ್ರೇ."

"ಅದಕ್ಕೇನಂತೆ. ಅತ್ತೇನೇ ಹೊಳಲ್ಕೆರೆ ಮಗಳ ಮನಿಗೆ ಕಳ್ಸಿದ್ರಾತು. ಶಾಸ್ತ್ರನೂ ಉಳೀತು, ಸೊಸೇನೂ ಉಳಿದ್ಲು."

ಕಟ್ಟಿಕೊಂಡ ಹೆಂಡತಿಯನ್ನು ಊರು ಬಿಡಿಸಿಯಾದರೂ ಸೊಸೆಯನ್ನು ಉಳಿಸಿಕೊಳ್ಳುವ ಮಾವನನ್ನು ನಾನು ಅದೇ ಮೊದಲು ನೋಡಿದ್ದು. ಅವರು ತಲೆ ತಗ್ಗಿಸಿ ಮೆಲ್ಲಗೆ ಮುಂದುವರಿಸಿದರು. "ಆ ಹುಡುಗಿ ಸಂಜಿಗೆ ಬ್ಯಾಂಕಿಂದ ಬಂದು, ಮಾವ, ತೋಟದಾಗೆ ಇವತ್ತು ಏನಾತು ಅಂತ ಕೇಳ್ತಾಳೆ. ಮೂವತ್ತು ವರ್ಷದಿಂದ ನನ್ನ ಯಾರೂ ಕೇಳಿರ್ಲಿಲ್ಲ ಬೀಗ್ರೇ."

 ನನಗೂ ಮಗಳು ಬೇಕು, ಅವರಿಗೂ ಬೇಕು. ಬೀಗರ ಜೊತೆ ಜಗಳವಾಡುವ ಹಾಗಿಲ್ಲ, ಬಿಟ್ಟುಕೊಡುವ ಮನಸ್ಸಿಲ್ಲ. ಇಬ್ಬರೂ ಗಾಳಿಯಂತ್ರ ನೋಡುತ್ತ ಕುಳಿತೆವು. ಆಗ ಕಿರಣ ನಡುವೆ ಬಾಯಿ ಹಾಕಿದ.

"ಒಂದ್ ಆಟ ಆಡಾಣೇನು? ಪೋಕರ್ ಅಂತ. ಹಾಸ್ಟೆಲ್ನಾಗೆ ಕಲ್ತಿದ್ದೆ. ದುಡ್ಡು ಬ್ಯಾಡ, ಹುಣಸೆ ಬೀಜದಾಗೆ ಆಡಾಣ. ಮೂವತ್ತು ಬೀಜ, ಮೂವತ್ತು ದಿನ. ನಿಮಗೆ ಹದಿನೈದು, ಅಪ್ಪಾಜಿಗೆ ಹದಿನೈದು. ಕೊನಿಗೆ ಯಾರ ಮುಂದೆ ಎಷ್ಟು ಬೀಜ ಇರ್ತಾವೋ ಅವ್ರ ಮನೇಲಿ ಅಷ್ಟು ದಿನ."

ಅಳಿಯ ಬಲು ಬುದ್ಧಿವಂತ ಎನಿಸಿತು. ಗಿರಿಜಾ ಚೌಕಾಬಾರಕ್ಕೆಂದು ಡಬ್ಬಿಯಲ್ಲಿ ಇಟ್ಟಿದ್ದ ಹುಣಸೆ ಬೀಜವನ್ನೂ ಮನೆಯಲ್ಲಿದ್ದ ಇಸ್ಪೀಟೆಲೆಯನ್ನೂ ತರಿಸಿದೆ. ಕಿರಣ ಎಲೆ ಕಲೆಸುತ್ತ ಆಟ ಹೇಳಿಕೊಟ್ಟ. ಪ್ರತಿ ಆಟಕ್ಕೂ ಇಬ್ಬರೂ ಒಂದೊಂದು ಬೀಜ ಮುಂದಿಡಬೇಕು. ಇಬ್ಬರಿಗೂ ಎರಡೆರಡು ಎಲೆ ಗುಟ್ಟಾಗಿ. ಐದು ಎಲೆ ಚಾಪೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಏಳರಲ್ಲಿ ಐದನ್ನು ಆರಿಸಿ ಜೊತೆ ಕಟ್ಟಿದಾಗ ಯಾರ ಕೈ ದೊಡ್ಡದೋ ಅವರಿಗೆ ಗೆಲುವು. ಒಬ್ಬರು ಬೀಜ ತಳ್ಳಿದರೆ ಇನ್ನೊಬ್ಬರೂ ಅಷ್ಟೇ ಹಾಕಬೇಕು; ಕೈ ಚೆನ್ನಾಗಿಲ್ಲದಿದ್ದರೆ ಎಲೆ ಕೆಳಗಿಟ್ಟು 'ಪ್ಯಾಕ್' ಅಂದರಾಯಿತು, ಅಲ್ಲಿಯವರೆಗೆ ಹಾಕಿದ್ದು ಹೋಗುತ್ತದೆ ಅಷ್ಟೆ.

"ಇದಕ್ಕೆ ಲಿಮಿಟ್ ಇಲ್ಲ ಮಾವ," ಎಂದ. "ಮುಂದಿರೋ ಬೀಜ ಅಷ್ಟನ್ನೂ ಒಂದೇ ಸಲ ತಳ್ಳಬಹುದು. ಯಾವಾಗ ತಳ್ಳಬೇಕು, ಯಾವಾಗ ಪ್ಯಾಕ್ ಆಗ್ಬೇಕು, ಅಷ್ಟು ಗೊತ್ತಿದ್ರೆ ಸಾಕು. ಮುಖದಾಗೆ ಮಾತ್ರ ಏನೂ ತೋರಿಸ್ಬಾರ್ದು."

ಮುಖದ ವಿಷಯವನ್ನು ಕನ್ನಡಕದ ಅಂಗಡಿಯವನಿಗೆ ಹೇಳುತ್ತಿದ್ದಾನಲ್ಲ ಎಂದು ಒಳಗೇ ನಕ್ಕೆ.

ಮೊದಲ ಆಟಕ್ಕೇ ನನ್ನ ಕೈಗೆ ಎರಡು ರಾಜರು ಬಂದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಸಂಕಟ ಶುರುವಾಯಿತು. ಮನೆಗೆ ಬಂದ ಬೀಗರು. ಎಳನೀರು ತಂದವರು. 'ತೋಟದಾಗೆ ಏನಾತು' ಎಂದು ಕೇಳಿಸಿಕೊಳ್ಳುವುದಕ್ಕೆ ಹಂಬಲಿಸುವ ಜೀವ. ಅವರ ದಿನಗಳನ್ನು ನಾನೀಗ ಕಿತ್ತುಕೊಳ್ಳುವವನಿದ್ದೇನೆ. ಬರಿಗೈಯಲ್ಲಿ ಕಿತ್ತುಕೊಳ್ಳುವುದೇ?

"ಗಿರಿಜಾ," ಎಂದು ಕೂಗಿದೆ, "ಬೀಗ್ರಿಗೆ ಬಿಸಿ ಬಿಸಿ ಮೆಣಸಿನಕಾಯಿ ತಾರೆ." ಒಳಗೆ ಸಂಜೆಯ ಮಂಡಕ್ಕಿಯ ಜೊತೆಗೆಂದು ಅವಳು ಮೆಣಸಿನಕಾಯಿ ಬಜ್ಜಿ ಕರಿಯಲು ಆಗಲೇ ಶುರು ಮಾಡಿದ್ದಳು. ತಟ್ಟೆ ಬಂತು. "ತಗಳ್ರಿ ಬೀಗ್ರೇ, ಸಂಕೋಚ ಬ್ಯಾಡ, ಇನ್ನೊಂದು ತಗಳ್ರಿ" ಎಂದು ಎರಡು ಹಾಕಿ, ಮೂರು ಬೀಜ ತಳ್ಳಿದೆ.

ಬೀಗರು ಮೆಣಸಿನಕಾಯಿ ಕಚ್ಚಿದರು. ತಟ್ಟೆ ನೋಡಿದರು. ಎಲೆ ಕೆಳಗಿಟ್ಟರು. "ಪ್ಯಾಕ್."

ನನಗೆ ಸಿಕ್ಕಿದ್ದು ಅವರು ಮೊದಲೇ ಇಟ್ಟಿದ್ದ ಒಂದು ಬೀಜ. ಒಂದಾದರೇನು, ಒಂದು ದಿನ! ಹದಿನಾರು.

ಎರಡನೆಯ ಆಟಕ್ಕೆ ಎಕ್ಕ, ರಾಜ. ಮತ್ತೆ ಸಂಕಟ, ಮತ್ತೆ ಮೆಣಸಿನಕಾಯಿ, ಮತ್ತೆ "ಪ್ಯಾಕ್". ಮೂರನೆಯ ಆಟಕ್ಕೆ ಎರಡು ಹತ್ತು ಕೈಯಲ್ಲಿ, ಇನ್ನೊಂದು ಹತ್ತು ಚಾಪೆಯ ಮೇಲೆ. ಆ ಸಲ ನನ್ನ ಪಾಪಪ್ರಜ್ಞೆ ಎಷ್ಟಿತ್ತೆಂದರೆ ಮೆಣಸಿನಕಾಯಿಯ ಜೊತೆಗೆ ಉಳಿದ ಹೋಳಿಗೆಯನ್ನೂ ತುಪ್ಪ ಸುರಿದು ಕೊಟ್ಟೆ. ಬೀಗರು ಹೋಳಿಗೆ ತಿಂದು, ಕೈ ಒರೆಸಿಕೊಂಡು, ನಿಧಾನವಾಗಿ ಪ್ಯಾಕ್ ಆದರು. ಹದಿನೆಂಟು.

ಆಗ ನನ್ನ ತಲೆಯಲ್ಲಿ ಒಂದು ಸಿದ್ಧಾಂತ ಹುಟ್ಟಿತು. ಓಂಕಾರಪ್ಪನವರು ಅಂಜುಬುರುಕರು. ನಾನು ಬೀಜ ತಳ್ಳಿದರೆ ಸಾಕು, ಓಡಿಹೋಗುತ್ತಾರೆ. ಅಂದಮೇಲೆ ಒಳ್ಳೆಯ ಎಲೆಗಾಗಿ ಕಾಯುವುದಾದರೂ ಏಕೆ? ಗಾಳಿಯಂತ್ರದ ಕಡೆ ನೋಡಿದೆ. ಅವೂ ಹೌದು ಹೌದು ಎಂದು ತಿರುಗುತ್ತಿದ್ದವು. ಹದಿನೆಂಟರಿಂದ ಇಪ್ಪತ್ತೈದು, ಇಪ್ಪತ್ತೈದರಿಂದ ಮೂವತ್ತು. ತಿಂಗಳಿಡೀ ಸವಿತಾ ಇದೇ ಜಗಲಿಯಲ್ಲಿ. ಅವಳ ಅಮ್ಮ ತಲೆಗೆ ಎಣ್ಣೆ ಹಚ್ಚುತ್ತಾಳೆ, ಗಾಳಿ ಬೀಸುತ್ತದೆ, ನಾನು ಅಂಗಡಿಗೆ ಸ್ವಲ್ಪ ತಡವಾಗಿ ಹೋಗುತ್ತೇನೆ...

"ಮಾವ, ನಿಮ್ಮ ಆಟ," ಎಂದ ಕಿರಣ.

ನಾನು ಇಳಿದು ಬರುವಷ್ಟರಲ್ಲಿ ನಾಲ್ಕನೆಯ ಆಟ ನಡೆದಿತ್ತು. ನನ್ನ ಕೈಯಲ್ಲಿ ಕೆಲಸಕ್ಕೆ ಬಾರದ ಎಲೆ. ಬೀಗರು ಈ ಸಲ ತಾವೇ ಎರಡು ಬೀಜ ತಳ್ಳಿದ್ದರು. ಪ್ಯಾಕ್ ಆಗಬೇಕಿತ್ತು, ಗೊತ್ತಿತ್ತು. ಆದರೆ ಬೀಗರು ಮುಂದೆ ಇಟ್ಟದ್ದನ್ನು ಬೇಡ ಅನ್ನುವುದು ಹೇಗೆ? ನಾನು ಬಡಿಸಿದ್ದನ್ನು ಅವರು ಒಂದಾದರೂ ಬಿಟ್ಟಿದ್ದಾರೆಯೇ? ಮರ್ಯಾದೆಗೆಂದು ನಾನೂ ಎರಡು ಹಾಕಿದೆ. ಮರ್ಯಾದೆ ಉಳಿಯಿತು, ಮೊದಲಿಟ್ಟದ್ದೂ ಸೇರಿ ಮೂರು ದಿನ ಹೋಯಿತು. ಹದಿನೈದು.

ಐದನೆಯ ಆಟಕ್ಕೆ ನನ್ನ ಸಿದ್ಧಾಂತವನ್ನು ಜಾರಿಗೆ ತಂದೆ. ಕೈಯಲ್ಲಿ ಮೂರು, ಎಂಟು. ಗಟ್ಟಿ ಮನಸ್ಸು ಮಾಡಿ, ಯಾರ ಕಡೆಗೂ ನೋಡದೆ, ಒಂದು ಮಾತೂ ಆಡದೆ ಮೂರು ಬೀಜ ತಳ್ಳಿದೆ. ಓಡಬೇಕಿದ್ದ ಬೀಗರು ಓಡಲಿಲ್ಲ. ತಟ್ಟೆಯ ಕಡೆ ಒಮ್ಮೆ, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. "ನೋಡಾಣ" ಎಂದು ಮೂರು ಬೀಜ ಹಾಕಿದರು. ಅವರ ಕೈಯಲ್ಲಿ ಒಂದು ಜೊತೆ ಆರು ಇತ್ತು. ಕೇವಲ ಆರು! ಅದೂ ಸಾಕಾಯಿತು. ಹನ್ನೊಂದು.

ಅಷ್ಟರಲ್ಲಿ ಗಾಳಿ ಜೋರಾಗಿ ಬೀಸಿ ಚಾಪೆಯ ಮೇಲಿನ ಎಲೆಗಳೆಲ್ಲ ಅಂಗಳಕ್ಕೆ ಹಾರಿದವು. ಕಿರಣ ಓಡಿಹೋಗಿ ಎಲ್ಲವನ್ನೂ ಹಿಡಿದು ತಂದು, ಅವುಗಳ ಮೇಲೆ ಎಲೆ ಅಡಿಕೆಯ ಕುಟ್ಟಾಣಿ ಇಟ್ಟ. ಖಾಲಿ ತಟ್ಟೆ ತೆಗೆದುಕೊಂಡು ಹೋಗಲು ಬಂದ ಗಿರಿಜಾ ನನ್ನ ಮುಂದಿದ್ದ ಬೀಜ ಎಣಿಸಿದಳು. ವಿಷಯ ಕಿರಣನಿಂದ ಅವಳಿಗೂ ಮುಟ್ಟಿತ್ತು.

"ಹನ್ನೊಂದು ಅವೆ. ಸಾಕಲ್ರೀ. ಏಳ್ರಿ ಇನ್ನ."

"ಹನ್ನೊಂದು ಎಲ್ಲಿಗೆ ಸಾಕಾಗ್ತೈತೆ? ಮೂವತ್ತು ಆಗ್ಬೇಕಿತ್ತು."

"ನಾನು ಗುರುವಾರ ಹೇಳಿದ್ದು ನೆನಪೈತಾ?"

"ಎಲ್ಲಾ ನೆನಪೈತೆ, ನೀನು ಹೋಗು," ಎಂದೆ.

ಅವಳು ಅಳಿಯನ ಮುಖ ನೋಡಿದಳು, ಅಳಿಯ ಗುಡ್ಡ ನೋಡಿದ. ಅವಳು ಒಳಗೆ ಹೋದಳು.

ಆರನೆಯ ಆಟ. ಕೈಯಲ್ಲಿ ಕಳಾವರ ಏಳು, ಇಸ್ಪೀಟು ಎರಡು. ಇಡೀ ಆಟದಲ್ಲಿ ಇದಕ್ಕಿಂತ ದರಿದ್ರ ಜೋಡಿ ಇಲ್ಲವೆಂದು ಕಿರಣ ಆಮೇಲೆ ಹೇಳಿದ. ಆದರೆ ಚಾಪೆಯ ಮೇಲೆ ಆಟೀನು ರಾಣಿ, ಆಟೀನು ಒಂಬತ್ತು, ಆಟೀನು ನಾಲ್ಕು ಬಿದ್ದವು. ಆಮೇಲೆ ಇನ್ನೆರಡು ಬೇರೆ ಎಲೆ. ಒಂದೇ ಗುರುತಿನ ಐದು ಎಲೆ ಸೇರಿದರೆ ಬಹಳ ದೊಡ್ಡ ಕೈ. ನನ್ನ ಕೈಯಲ್ಲಿ ಎರಡು ಆಟೀನು ಇವೆ ಎಂದು ಬೀಗರು ನಂಬಿದರೆ ಮುಗಿಯಿತು. ನಂಬಿಸುವುದು ನನ್ನ ಕಸುಬಲ್ಲವೇ? ನಲವತ್ತು ದಾಟಿದ ಎಷ್ಟು ಜನರಿಗೆ, ಇದು ವಯಸ್ಸಿಗಲ್ಲ, ಬರೀ ಧೂಳಿಗೆ ಹಾಕಿಕೊಳ್ಳುವ ಕನ್ನಡಕ ಎಂದು ನಂಬಿಸಿಲ್ಲ ನಾನು?

ನನ್ನ ಮುಂದೆ ಉಳಿದಿದ್ದ ಹತ್ತೂ ಬೀಜಗಳನ್ನು ಎರಡು ಕೈಯಿಂದ ತಳ್ಳಿದೆ.

 ಬೀಗರ ಕಣ್ಣಲ್ಲಿ ಕಣ್ಣಿಟ್ಟೆ. ಅವರ ಕಣ್ಣು ನನ್ನ ಮೇಲಿರಲೇ ಇಲ್ಲ. ಅವರು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. ಒಂದು ನಿಮಿಷ ಕಳೆಯಿತು. ಎರಡು ನಿಮಿಷ. ಯಾವ ತಟ್ಟೆಯೂ ಬರಲಿಲ್ಲ.

"ಬೀಗ್ರೇ," ಎಂದರು ಮೆಲ್ಲಗೆ, "ಮೆಣಸಿನಕಾಯಿ ಆಗೋದ್ವೇನು?"

"ಇಲ್ಲಪ್ಪ, ಒಳಗೆ ಇನ್ನೂ ಅವೆ," ಎಂದೆ, ಪ್ರಶ್ನೆ ಅರ್ಥವಾಗದೆ.

"ಹಂಗಾ," ಎಂದು ಅವರೂ ಹತ್ತು ಬೀಜ ತಳ್ಳಿ ಎಲೆ ತೋರಿಸಿದರು. ಒಂದು ಒಂಬತ್ತು, ಒಂದು ಮೂರು. ಚಾಪೆಯ ಮೇಲಿನ ಒಂಬತ್ತು ಸೇರಿ ಒಂದು ಜೊತೆ. ನನ್ನ ಹತ್ತಿರ ಜೊತೆಯೂ ಇಲ್ಲ, ಏನೂ ಇಲ್ಲ.

ಆಷಾಢ ಹೋಯಿತು.

ಮೂವತ್ತು ಹುಣಸೆ ಬೀಜ ಬೀಗರ ಮುಂದೆ ರಾಶಿಯಾಗಿ ಬಿದ್ದಿತ್ತು. ಅವರಿಗೇ ಕೆಡುಕೆನಿಸಿತು. "ತಮಾಷಿಗೆ ಆಡಿದ್ದು ಬಿಡ್ರಿ," ಎಂದರು. ನಾನು ಎದೆ ಸೆಟೆಸಿ, "ಇಲ್ಲ ಬೀಗ್ರೇ, ಕೊಟ್ಟ ಮಾತು ಕೊಟ್ಟ ಮಾತೇ. ಸಂಜೆಗೆ ಕರ್ಕಂಡು ಹೋಗ್ರಿ," ಎಂದೆ.  ಬೆಟ್ಟದ ಮೇಲಿನ ಗಾಳಿಯಂತ್ರ ಒಂದೂ ಸರಿಯಾಗಿ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡೆ. ಆಮೇಲೆ ತಡೆಯಲಾರದೆ ಕೇಳಿದೆ. "ನನ್ನ ಎಲೆ ನಿಮಗೆ ಹೆಂಗೆ ಗೊತ್ತಾತು?"

ಬೀಗರು ಮೀಸೆಯೊಳಗೆ ನಕ್ಕರು. "ಏನಿಲ್ಲ. ನಿಮಗೆ ಒಳ್ಳೆ ಎಲೆ ಬಂದಾಗೆಲ್ಲ ನನಗೆ ಮೆಣಸಿನಕಾಯಿ ಬಂತು. ಮೂರನೇ ಆಟದಾಗಂತೂ ತುಪ್ಪ ಹಾಕಿ ಹೋಳಿಗೇನೇ ಬಂತು. ಒಳ್ಳೆ ಮನುಷ್ಯ ಬೀಗ್ರೇ ನೀವು, ಅನ್ಯಾಯ ಮಾಡೋ ಮುಂಚೆ ಊಟಕ್ಕೆ ಹಾಕ್ತೀರಿ. ಕೊನೇ ಎರಡು ಆಟದಾಗೆ ಏನೂ ಬರ್ಲಿಲ್ಲ. ಅಲ್ಲಿಗೆ ಇವ್ರ ಕೈಯಾಗೆ ಏನೂ ಇಲ್ಲ ಅಂತ ತಿಳೀತು."

"ನನಗೆ ಒಲೆ ಮುಂದೇನೇ ಗೊತ್ತಾಗ್ತಿತ್ತು," ಎಂದಳು ಬಾಗಿಲಲ್ಲಿ ನಿಂತಿದ್ದ ಗಿರಿಜಾ.

ಮೂವತ್ತು ವರ್ಷ ನಾನು ಜನರ ಕಣ್ಣು ನೋಡಿದೆ. ಬೀಗರು ಒಂದು ಮಧ್ಯಾಹ್ನ ತಟ್ಟೆ ನೋಡಿದರು.

ಇಷ್ಟೆಲ್ಲ ಗದ್ದಲಕ್ಕೆ ಸವಿತಾಳಿಗೆ ಎಚ್ಚರವಾಯಿತು. ಕೌದಿ ಹೊದ್ದುಕೊಂಡೇ ಹೊರಗೆ ಬಂದು, ಕೆನ್ನೆಯ ಮೇಲೆ ದಿಂಬಿನ ಗೆರೆ ಇಟ್ಟುಕೊಂಡು ನಮ್ಮ ನಾಲ್ವರ ಮುಖ ನೋಡಿದಳು. "ಏನಿದು ಬೀಜ?"

ಕಿರಣ ಹೇಳಿದ. ಅವಳು ಪೂರ್ತಿ ಕೇಳಿದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಮಾವನನ್ನು ನೋಡಿದಳು.

"ನನ್ನ ದಿನಾನ ಇಬ್ರೂ ಕಟ್ಟಿ ಆಡಿದ್ರಾ? ಎಷ್ಟು ದಿನ ಅವೆ ಅಂತ ನನ್ನ ಒಂದ್ ಮಾತು ಕೇಳಿದ್ರಾ?"

ನಾವು ಕೇಳಿರಲಿಲ್ಲ.

"ರಜೆ ಸಿಕ್ಕಿರೋದು ನಾಕು ದಿನ. ಸೋಮವಾರದಿಂದ ಗುರುವಾರ. ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗ್ಬೇಕು. ಅವತ್ತಿಗೆ ಅತ್ತೆ ಹೊಳಲ್ಕೆರೆಗೆ ಹೋಗಿರ್ತಾರೆ. ಅತ್ತೆ, ಅಮ್ಮ, ನಾನು ಮೂರೂ ಜನ ಹೋದ ಗುರುವಾರಾನೇ ಫೋನಿನಾಗೆ ಮಾತಾಡಿದ್ದಾಗೈತೆ."

"ನನಗ್ಯಾರೂ ಹೇಳ್ಲಿಲ್ಲ," ಎಂದರು ಬೀಗರು.

"ಅತ್ತೆ ಹೇಳಿದ್ರಂತೆ. ನೀವು ತೆಂಗಿನ ಕಾಯಿ ಎಣಿಸ್ತಿದ್ರಂತೆ."

ನಾನು ಗಿರಿಜಾಳ ಕಡೆ ತಿರುಗಲಿಲ್ಲ. ತಿರುಗದಿದ್ದರೂ ಅವಳ ದನಿ ಬಂತು. "ನಾಕು ದಿನ ಅಂದೆ, ಹ್ಞೂಂ ಅಂದ್ರಿ. ಶುಕ್ರವಾರ ಹೋಗ್ತಾಳೆ ಅಂದೆ, ಆಗಲಿ ಅಂದ್ರಿ."

ನನಗೆ ಲೆಕ್ಕ ಬೇಗ ತಿಳಿಯುವುದಿಲ್ಲ, ಆದರೆ ಇದು ತಿಳಿಯಿತು. ಹನ್ನೊಂದು ಬೀಜ ಇದ್ದಾಗ ಎದ್ದಿದ್ದರೆ, ಮಗಳಿಗೇ ಇಲ್ಲದ ಏಳು ದಿನ ನನ್ನ ಹತ್ತಿರ ಹೆಚ್ಚಿಗೆ ಇರುತ್ತಿದ್ದವು. ಕಿರಣನನ್ನು ಕೇಳಿದೆ. "ನಿನಗೆ ರಜೆ ವಿಷಯ ಗೊತ್ತಿರ್ಲಿಲ್ವೇನಪ್ಪ?"

"ಗೊತ್ತಿತ್ತು ಮಾವ. ನೀವಿಬ್ರೂ ಅಷ್ಟು ಆಸೆಯಿಂದ ಆಡ್ತಿದ್ರಿ, ನಡುವೆ ಹೇಳೋಕೆ ಮನಸ್ಸು ಬರ್ಲಿಲ್ಲ."

ಸಂಜೆ ಬೀಗರು ಮಗನ ಜೊತೆ ಹೊಸದುರ್ಗಕ್ಕೆ ಹೊರಟರು. ಮೂವತ್ತು ದಿನ ಗೆದ್ದವರು ಸೊಸೆಯನ್ನು ಬಿಟ್ಟು ಖಾಲಿ ಕೈಯಲ್ಲಿ ಹೋಗುವುದನ್ನು ನನಗೆ ನೋಡಲಾಗಲಿಲ್ಲ. ಡಬ್ಬಿಯಲ್ಲಿ ಒಂದಷ್ಟು ಮೆಣಸಿನಕಾಯಿ ಹಾಕಿ ಕೊಟ್ಟೆ. ಅವರು ಡಬ್ಬಿ ಹಿಡಿದು, "ಇದ್ಯಾಕೆ ಬೀಗ್ರೇ, ಕೈಯಾಗೆ ಎಲೆ ಐತೇನು?" ಎಂದು ಕೇಳಿ ಕಾರು ಹತ್ತಿದರು.

ನಾಲ್ಕು ದಿನ ಸವಿತಾ ಇದ್ದಳು. ನಾನು ಕಂಡ ಕನಸಿನಂತೆಯೇ ಜಗಲಿಯಲ್ಲಿ ಕುಳಿತಳು, ಮಂಡಕ್ಕಿಯಲ್ಲಿ ಕಡಲೆಬೀಜ ಆರಿಸಿದಳು, ಗಾಳಿಯಂತ್ರ ಎಣಿಸಿದಳು. ಅವಳು ಎಣಿಸುವಾಗ ನಾನು ಈ ಸಲ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಇದ್ದೆ. ಗುರುವಾರ ಸಂಜೆ ಅವಳೇ ಎಲೆ ತಂದಳು. "ಬಾರಪ್ಪ, ಒಂದಾಟ. ನೀನು ಎಷ್ಟು ಬೀಜ ಗೆಲ್ತೀಯೋ ಅಷ್ಟು ದಿನ ಬರ್ತೀನಿ."

ಎಲೆ ಎತ್ತಿ ನೋಡಿದೆ. ಎರಡು ಎಕ್ಕ.

ನನ್ನ ಜೀವಮಾನದಲ್ಲಿ ಅಂಥ ಎಲೆ ಬಂದಿರಲಿಲ್ಲ. ಪಾಠ ಕಲಿತಿದ್ದೆ. ಉಸಿರು ಬಿಗಿಹಿಡಿದೆ. ಮುಖ ಕಲ್ಲು ಮಾಡಿಕೊಂಡೆ. ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಗುಡ್ಡದ ಮೇಲೆ ಬಿಸಿಲು ಇಳಿಯುತ್ತಿತ್ತು, ರೆಕ್ಕೆಗಳು ಒಂದೊಂದಾಗಿ ಕೆಂಪಾಗುತ್ತಿದ್ದವು, ಎದುರಿಗೆ ಮಗಳು ಎರಡು ಎಲೆಯನ್ನು ಮೂಗಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾಳೆ ಈ ಹೊತ್ತಿಗೆ ಇವಳು ಇಲ್ಲಿ ಇರುವುದಿಲ್ಲ.

"ಗಿರಿಜಾ," ಎಂದಿತು ನನ್ನ ಬಾಯಿ, "ಮಗೂಗೆ ಇನ್ನೆರಡು ಬಿಸಿ ಮೆಣಸಿನಕಾಯಿ ತಾರೆ."

ಸವಿತಾ ಎಲೆ ಕೆಳಗಿಟ್ಟಳು. ಮೆಣಸಿನಕಾಯಿ ಬಂದವು, ಎರಡನ್ನೂ ತಿಂದಳು. ನನಗೆ ಸಿಕ್ಕಿದ್ದು ಒಂದು ಬೀಜ.

ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಆ ಬೀಜವನ್ನು ಜೇಬಿನಿಂದ ತೆಗೆದು ಕಿಟಕಿಯಲ್ಲಿ ತೋರಿಸಿದೆ. "ಒಂದು ದಿನ ಬಾಕಿ ಐತೆ ಕಣವ್ವ." ಅವಳು ನಕ್ಕು, "ಭಾನುವಾರ ಬರ್ತೀನಪ್ಪ, ಜೋಪಾನವಾಗಿ ಇಟ್ಕಂಡಿರು," ಎಂದಳು. ಬಸ್ಸು ಹೊರಟಿತು. ಹಿಂದಿರುಗುವಾಗ ನಾನು ಗೆದ್ದವನ ಹಾಗೆ ನಡೆದೆ. ಏನೇ ಅಂದರೂ ಒಂದು ದಿನವನ್ನಂತೂ ನನ್ನ ಸ್ವಂತ ಆಟದಿಂದ ಸಂಪಾದಿಸಿದೆನಲ್ಲ ಎಂದು ಜೊತೆಗೆ ಬಂದಿದ್ದ ಗಿರಿಜಾಳಿಗೂ ಹೇಳಿದೆ.

ಅವಳು ಸೆರಗು ಸರಿಮಾಡಿಕೊಂಡು ಹೆಜ್ಜೆ ಹಾಕಿದಳು.

"ಭಾನುವಾರ ಬ್ಯಾಂಕಿಗೆ ಹೆಂಗೂ ರಜೆ ಅಲ್ವೇನ್ರೀ," ಎಂದಳು.

ಬೀಜ ಇನ್ನೂ ನನ್ನ ಜೇಬಿನಲ್ಲೇ ಇದೆ. ಭಾನುವಾರಕ್ಕೆ ಮೆಣಸಿನಕಾಯಿ ಮಾತ್ರ ಈಗಲೇ ತಂದಿಟ್ಟಿದ್ದೇನೆ.